ತೂಕದ ಚೀಟಿಯೇ ನಿಮ್ಮ ಸಾಕ್ಷಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗೇರುಬೀಜ ಕಾರ್ಖಾನೆಯೊಂದರಲ್ಲಿ 9 ವರ್ಷ 7 ತಿಂಗಳು ಬೀಜ ಒಡೆದೆ. ಕೂಲಿ ತಿರುಳಿನ ತೂಕದ ಮೇಲೆ. ಮೇಸ್ತ್ರಿಯ ಬಾಯಿ ತಾಳಲಾರದೆ ಬಿಟ್ಟೆ. ಗ್ರ್ಯಾಚುಟಿ ಕೇಳಿದರೆ, ತೂಕದ ಕೂಲಿಯವರಿಗೆ ಅದಿಲ್ಲ, ಮಳೆಗಾಲದಲ್ಲಿ ಕೆಲಸ ಬಂದ್ ಇತ್ತು, ನೀನಾಗಿಯೇ ಬಿಟ್ಟಿದ್ದೀಯ ಅನ್ನುತ್ತಾರೆ. ಖಾಲಿ ಹಾಳೆಗೆ ಸಹಿ ಹಾಕಿದರೆ ಬಾಕಿ 11 ದಿನದ ಕೂಲಿ ಕೊಡುತ್ತಾರಂತೆ.
– ಓದುಗರು, ಕುಮಟಾ

ಉತ್ತರ: ಸಹಿ ಹಾಕಬೇಡಿ. ಅವರು ಹೇಳಿದ ಮೂರು ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲ.

ಹತ್ತು ಜನರಿಗಿಂತ ಕಡಿಮೆಯಿಲ್ಲದ ಕಾರ್ಖಾನೆಯಲ್ಲಿ 5 ವರ್ಷ ತುಂಬಿಸಿದವರು ತಾವಾಗಿಯೇ ಕೆಲಸ ಬಿಟ್ಟರೂ ಗ್ರ್ಯಾಚುಟಿಗೆ, ಅಂದರೆ ದುಡಿದ ವರ್ಷ ನೋಡಿ ಮಾಲೀಕರು ಕೊಡಬೇಕಾದ ಇಡಿಗಂಟಿಗೆ, ಅರ್ಹರು. ತೂಕದ ಕೂಲಿಯವರಿಗೆ ಕಾನೂನು ಬೇರೆಯದೇ ಲೆಕ್ಕ ಹಾಕಿಕೊಟ್ಟಿದೆ: ಬಿಡುವ ಮುಂಚಿನ 3 ತಿಂಗಳ ಕೂಲಿಯಿಂದ (ಓವರ್‌ಟೈಮ್ ಬಿಟ್ಟು) ದಿನದ ಸರಾಸರಿ ತೆಗೆದು, ಅದನ್ನು 15ರಿಂದಲೂ ವರ್ಷಗಳಿಂದಲೂ ಗುಣಿಸಬೇಕು. ಆರು ತಿಂಗಳು ದಾಟಿದ ತುಂಡು ವರ್ಷ ಪೂರ್ತಿ ವರ್ಷವೇ, ಹಾಗಾಗಿ ನಿಮ್ಮದು 10. ದಿನದ ಸರಾಸರಿ 420 ರೂಪಾಯಿ ಬಂತೆನ್ನಿ, 420×15×10, ಅಂದರೆ 63,000 ರೂಪಾಯಿ. ಮೊಬೈಲಿನಲ್ಲಿ ಓಡಾಡುವ ‘26ರಿಂದ ಭಾಗಿಸಿ’ ಎಂಬ ಸೂತ್ರ ತಿಂಗಳ ಸಂಬಳದವರದ್ದು. ಅದನ್ನು ದಿನದ ಕೂಲಿಗೆ ಹಚ್ಚಿದರೆ ಎರಡೂವರೆ ಸಾವಿರವೂ ಉಳಿಯುವುದಿಲ್ಲ. ಆಫೀಸಿನವರು ಹಾಗೆ ಹಚ್ಚಿದ್ದಾರೋ ನೋಡಿಕೊಳ್ಳಿ.

ಆ ಕೊನೆಯ ಮೂರು ತಿಂಗಳಲ್ಲೇ ಮೋಸಕ್ಕೆ ಜಾಗವಿದೆ. ಒಂದು ಪೌಂಡ್ ತೂಕಕ್ಕೆ 180ರ ಗ್ರೇಡಿನ ದೊಡ್ಡ ತಿರುಳು 170ರಿಂದ 180 ಸಾಕಾದರೆ, 320ರ ಗ್ರೇಡಿನ ಸಣ್ಣದ್ದು 300ರಿಂದ 320 ಬೇಕು. ಬಿಡುವ ಸುಳಿವು ಸಿಕ್ಕ ಕೂಡಲೇ ಸಣ್ಣ ಬೀಜದ ಚೀಲವನ್ನೇ ನಿಮ್ಮ ಮುಂದೆ ಸುರಿದರೆ, ಕೈ ಅಷ್ಟೇ ಓಡಿದರೂ ತೂಕ ಬೀಳುತ್ತದೆ, ಸರಾಸರಿಯೂ ಬೀಳುತ್ತದೆ. ಅದಕ್ಕೇ ತೂಕದ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಹಿಂದಿನ ವರ್ಷದವುಗಳ ಜೊತೆ ಇಟ್ಟುಕೊಳ್ಳಿ.

ಬೀಜ ಮುಗಿದು ಮಳೆಗಾಲದಲ್ಲಿ ಕೆಲಸ ನಿಂತದ್ದು ನಿಮ್ಮ ತಪ್ಪಲ್ಲ, ಅದರಿಂದ ಸೇವೆ ಕಡಿಯುವುದಿಲ್ಲ. ‘ಸೀಸನ್ ಕಾರ್ಖಾನೆ’ ಎಂದು ವಾದಿಸಿ ಪ್ರತಿ ಸೀಸನ್ನಿಗೆ 7 ದಿನದ ಕೂಲಿ ಮಾತ್ರ ಕೊಡಲು ನೋಡಿಯಾರು. ಆದರೆ ಅದು ವರ್ಷವಿಡೀ ಅಲ್ಲದೆ ಸೀಸನ್ನಿನಲ್ಲಿ ಮಾತ್ರ ಕೆಲಸವಿರುವವರಿಗೆ. ನೀವು ಉಳಿದ ತಿಂಗಳೆಲ್ಲ ಕೆಲಸಕ್ಕೆ ಹೋಗಿದ್ದಕ್ಕೆ ಪಿಎಫ್ ಪಾಸ್‌ಬುಕ್ಕಿನ ತಿಂಗಳುವಾರು ಜಮೆಯೂ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಂತಿನ ದಾಖಲೆಯೂ ಸಾಕ್ಷಿ.

ಇನ್ನು ಆ 11 ದಿನ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಂತೆ, ಕೆಲಸ ಬಿಟ್ಟವರ ಬಾಕಿ ಕೂಲಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಅದಕ್ಕೆ ಖಾಲಿ ಹಾಳೆಯ ಬೆಲೆ ಕೇಳುವಂತಿಲ್ಲ. ರಸೀದಿ ಬೇಕೆಂದರೆ ‘11 ದಿನದ ಕೂಲಿ ಮಾತ್ರ ಪಡೆದಿದ್ದೇನೆ’ ಎಂದು ಮೊತ್ತ, ತಾರೀಕು ನಿಮ್ಮ ಕೈಯಲ್ಲೇ ಬರೆದು, ಫೋಟೋ ತೆಗೆದುಕೊಂಡು ಕೊಡಿ.

ಗ್ರ್ಯಾಚುಟಿ ಅರ್ಜಿಯಲ್ಲಿ ಸೇರಿದ ದಿನ, ಬಿಟ್ಟ ದಿನ, ಬ್ಯಾಂಕ್ ಖಾತೆ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಕಾಪಿಡಿ. ಮಾಲೀಕರಿಗೆ 30 ದಿನದ ಗಡುವು, ಆಮೇಲೆ ಬಡ್ಡಿ. ಕೊಡದಿದ್ದರೆ ಅದೇ ಕಾಗದಗಳ ಸಮೇತ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರನ್ನು, ಇಲ್ಲವೇ ಕಾರವಾರದ ಕಾರ್ಮಿಕ ಇಲಾಖೆ ಕಚೇರಿಯನ್ನು ಕಾಣಿ.

ಪ್ರಶ್ನೆ: ಗೇರು ಎಣ್ಣೆ ತಾಗಿ ಬೆರಳ ಸಂದು ಸುಟ್ಟಿದೆ. ಕೆಲಸ ಬಿಟ್ಟ ಮೇಲೆ ಇಎಸ್‌ಐ ಚಿಕಿತ್ಸೆ ಸಿಗುತ್ತದೆಯೇ?
– ಓದುಗರು, ಹೊನ್ನಾವರ

ಉತ್ತರ: ಕೂಡಲೇ ನಿಲ್ಲುವುದಿಲ್ಲ. ಏಪ್ರಿಲ್–ಸೆಪ್ಟೆಂಬರ್ ಕಂತಿಗೆ ಮುಂದಿನ ಜನವರಿ–ಜೂನ್, ಅಕ್ಟೋಬರ್–ಮಾರ್ಚ್ ಕಂತಿಗೆ ಜುಲೈ–ಡಿಸೆಂಬರ್ ಸೌಲಭ್ಯದ ಅವಧಿ. ಕಂತಿನ ಆ ಆರು ತಿಂಗಳಲ್ಲಿ ಕನಿಷ್ಠ 78 ದಿನದ ಕಂತು ಕಟ್ಟಿರಬೇಕು. ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಚರ್ಮ ಸುಡುತ್ತವೆ. ವೈದ್ಯರ ಚೀಟಿಯಲ್ಲಿ ಗೇರುಬೀಜ ಒಡೆಯುವ ಕೆಲಸದಿಂದ ಆದದ್ದು ಎಂದು ಬರೆಸಿಕೊಳ್ಳಿ.

ಪ್ರಶ್ನೆ: ಹಳೆ ಕಂಪನಿಯವರು ಪಿಎಫ್‌ನಲ್ಲಿ ನಾನು ಬಿಟ್ಟ ತಾರೀಕು ಹಾಕಿಲ್ಲ. ಹೊಸ ಕಡೆಗೆ ವರ್ಗಾವಣೆ ಆಗುತ್ತಿಲ್ಲ.
– ಓದುಗರು, ಅಂಕೋಲಾ

ಉತ್ತರ: ಅವರ ಕಾಲು ಹಿಡಿಯಬೇಕಿಲ್ಲ. ಕೊನೆಯ ಕಂತು ಬಿದ್ದು 2 ತಿಂಗಳಾದ ಮೇಲೆ ಪಿಎಫ್ ಸದಸ್ಯರ ಪೋರ್ಟಲಿನ ‘ಮ್ಯಾನೇಜ್’ನಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ ನೀವೇ ಹಾಕಬಹುದು. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಕೊನೆಯ ಕಂತು ಬಿದ್ದ ತಿಂಗಳೊಳಗಿನ ತಾರೀಕನ್ನೇ ಹಾಕಿ. ತಪ್ಪು ತಾರೀಕು ಬೀಳದಂತೆ ಮೊದಲು ಪಾಸ್‌ಬುಕ್ ತೆರೆದು ಆ ತಿಂಗಳು ನೋಡಿಕೊಳ್ಳಿ. ಸಂಬಳದಲ್ಲಿ ಹಿಡಿದ ಹಣ ಅಲ್ಲಿ ಕಾಣದಿದ್ದರೆ ಸಂಬಳದ ಚೀಟಿ ಲಗತ್ತಿಸಿ ಪಿಎಫ್ ಕುಂದುಕೊರತೆ ಪೋರ್ಟಲಿನಲ್ಲಿ ದೂರು ಹಾಕಿ.