ಪ್ರತಿಕ್ರಿಯೆ: ಕ್ಯಾಸೆಟ್ ಮೇಲಿನ ‘ಪಿಕಡಿಲಿ 261’ ಯಾವ ವರ್ಷದ್ದು?

ರೇಡಿಯೊ ಪ್ರಸಾರ ಧ್ವನಿಮುದ್ರಿಸಿದ ನಿಮ್ಮ ಕ್ಯಾಸೆಟ್‌ನ ಚೀಟಿಯಲ್ಲಿರುವ 261 ಎಂಬುದು ಆವರ್ತನವಲ್ಲ, ಮೀಟರ್ ಲೆಕ್ಕದ ತರಂಗಾಂತರ. ಅದಕ್ಕೇ ನೀವು ಓದಿರುವ 1152 ಕಿಲೊಹರ್ಟ್ಸ್‌ಗೆ ಅದು ತಾಳೆಯಾಗುತ್ತಿಲ್ಲ. 3,00,000ವನ್ನು (ಸೆಕೆಂಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ರೇಡಿಯೊ ತರಂಗದ ವೇಗ) 1152ರಿಂದ ಭಾಗಿಸಿ, ಸುಮಾರು 260 ಬರುತ್ತದೆ. ಎರಡೂ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಪಿಕಡಿಲಿ ರೇಡಿಯೊ ಕೇಂದ್ರದವೇ.

ಕೇಂದ್ರ ಶುರುವಾದದ್ದು 1974ರ ಏಪ್ರಿಲ್ 2ರಂದು. ಧ್ವನಿಮುದ್ರಣ ಅದಕ್ಕೂ ಹಿಂದಿನದಾಗಿರಲಾರದು. ಮೊದಲು ಕೇಂದ್ರದ ಹೆಸರು ಹೇಳುವ ಜಿಂಗಲ್ ಹುಡುಕಿ. ‘ಕೀ 103’ ಎಂದಿದ್ದರೆ 1988 ಅಥವಾ ಅದರ ನಂತರದ್ದು. ಆ ವರ್ಷ ಕೇಂದ್ರದ ಎಫ್‌ಎಂ ಮತ್ತು ಮಧ್ಯಮ ತರಂಗದ ಪ್ರಸಾರಗಳು ಬೇರೆಯಾಗಿ, ಎಫ್‌ಎಂಗೆ ಈ ಹೆಸರು ಬಂತು. ಆಮೇಲೆ ಜಾಹೀರಾತು ಕೇಳಿ (ಎಲ್ಲರೂ ಓಡಿಸಿಬಿಡುವ ಭಾಗ, ಆದರೆ ಸುಳಿವು ಇರುವುದು ಅಲ್ಲೇ). ಬೆಲೆಯಲ್ಲಿ ಬ್ರಿಟನ್ನಿನ ಅರ್ಧ ಪೆನ್ನಿ ನಾಣ್ಯದ ಮಾತು ಕೇಳಿಸಿದರೆ ಬಹುಶಃ 1984ರೊಳಗಿನದು. ಆ ನಾಣ್ಯ ಅದೇ ವರ್ಷದ ಕೊನೆಗೆ ರದ್ದಾಯಿತು. ಚೀಟಿಯೊಂದನ್ನೇ ನಂಬಬೇಡಿ, ಒಂದರ ಮೇಲೊಂದು ಧ್ವನಿಮುದ್ರಿಸಿರಬಹುದು. ಫುಟ್‌ಬಾಲ್ ಫಲಿತಾಂಶ ಸಿಕ್ಕರೆ ಹಳೆಯ ಪಂದ್ಯಪಟ್ಟಿಯಲ್ಲಿ ನೋಡಿ, ತಾರೀಖೇ ಸಿಗುತ್ತದೆ.