ಪಕ್ಕದವರ ಫ್ರಿಜ್ಜಿನಲ್ಲಿದ್ದ ಇನ್ಸುಲಿನ್

ನನ್ನಲ್ಲಿಗೆ ಆಪ್ತಸಮಾಲೋಚನೆಗೆ ಬಂದವರೊಬ್ಬರ ಕಥೆ ಇದು; ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬಂದವರು ಕಾಸರಗೋಡು ಕಡೆಯ ಔಷಧ ಸ್ಟಾಕಿಸ್ಟ್, ಅಂದರೆ ಮೆಡಿಕಲ್ ಶಾಪುಗಳಿಗೆ ಸಗಟಾಗಿ ಔಷಧ ಕೊಡುವವರು. ನಿದ್ದೆ ಬರುತ್ತಿಲ್ಲ ಅಂದರು. ನಿಜ ವಿಷಯ ಹೊರಬಂದದ್ದು ಎರಡನೇ ಭೇಟಿಯಲ್ಲಿ.

ಒಂದು ಸಂಜೆ ಪೆರ್ಲ ಕಡೆಯ ಮೆಡಿಕಲ್ ಶಾಪಿನಿಂದ ಫೋನ್ ಬಂದಿತ್ತು. ಶಾಲೆಗೆ ಹೋಗುವ ಒಬ್ಬ ಹುಡುಗನ ಇನ್ಸುಲಿನ್ ಮುಗಿದಿದೆ, ತುರ್ತಾಗಿ ಬೇಕು ಅಂತ. ಇವರಲ್ಲಿ ಇರಲಿಲ್ಲ. ಅದೇ ರಸ್ತೆಯ ಇನ್ನೊಬ್ಬ ಸ್ಟಾಕಿಸ್ಟರಲ್ಲಿ ಇತ್ತು, ಅದು ಇವರಿಗೆ ಗೊತ್ತೂ ಇತ್ತು. "ನಾಳೆ ಸ್ಟಾಕ್ ಬರ್ತದೆ" ಅಂದು ಫೋನ್ ಇಟ್ಟರು. ರಾತ್ರಿ ಹುಡುಗನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಹುಷಾರಾಗಿದ್ದಾನೆ.

"ಆ ಸ್ಟಾಕಿಸ್ಟ್ ಹತ್ರ ಹೇಗೆ ಕೇಳುವುದು ಮೇಡಂ? ನನ್ನ ಸೇಲ್ಸ್ ಹುಡುಗನನ್ನು ಎಳ್ಕೊಂಡು ಹೋದವನು."

ಆ ಸೇಲ್ಸ್ ಹುಡುಗನ ಜೊತೆ ಅಂಗಡಿಗಳ ಪಟ್ಟಿಯೂ, ಯಾರಿಗೆ ಎಷ್ಟು ದಿನ ಸಾಲ ಎಂಬ ಲೆಕ್ಕವೂ ಹೋಗಿತ್ತು. ಆದರೆ 2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಇದೇ ಇಬ್ಬರು ಸ್ಟಾಕ್ ಹಂಚಿಕೊಂಡಿದ್ದರಂತೆ. ಮಂಗಳೂರಿಗೆ ಹೋಗಲಾಗದ ರೋಗಿಗಳೆಲ್ಲ ಇಲ್ಲಿನ ಅಂಗಡಿಗಳಿಗೇ ಬಂದಿದ್ದರು. ಆಗ ಆಗಿದ್ದು ಈಗ ಯಾಕೆ ಆಗುವುದಿಲ್ಲ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು.

ಒಂದು ಕಾಗದ ಕೊಟ್ಟೆ. ನೋವು ಒಂದು ಕಡೆ, ವ್ಯಾಪಾರದ ಹೆದರಿಕೆ ಇನ್ನೊಂದು ಕಡೆ ಬರೆಯಿರಿ ಅಂದೆ. ನೋವಿನ ಕಡೆ ಒಂದೇ ಸಾಲು. ಹೆದರಿಕೆಯ ಕಡೆ ಪುಟ ತುಂಬಿತು. ಯಾವ ಅಂಗಡಿಗೆ ಬೇಕಾದದ್ದು ಅಂತ ಗೊತ್ತಾದರೆ ಗಿರಾಕಿ ಹೋಗುತ್ತಾರೆ. ಮಾಲು ಹಾಳಾದರೆ ನಷ್ಟ ಯಾರದ್ದು? ನಾನೇ ಮೊದಲು ಕೇಳಿದರೆ ಸೋತ ಹಾಗೆ ಅಲ್ವಾ?

ಮಾಲು ಹಾಳಾಗುವುದು ಹೇಗೆ ಅಂತ ಕೈಯಲ್ಲೇ ತೋರಿಸಿದರು. ಟಿಫಿನ್ ಡಬ್ಬಿಯನ್ನು ಐಸ್ ಪ್ಯಾಕ್ ಮಾಡಿ, ಕನ್ನಡಕದ ಪೆಟ್ಟಿಗೆಯನ್ನು ಇನ್ಸುಲಿನ್ ಮಾಡಿ, ನಡುವೆ ಒಂದು ರಟ್ಟು ಇಟ್ಟರು. 2ರಿಂದ 8 ಡಿಗ್ರಿಯೊಳಗೆ ಇರಬೇಕು. ಐಸ್ ತಾಗಿ ಹೆಪ್ಪುಗಟ್ಟಿದರೆ, ಕರಗಿದ ಮೇಲೂ ಬಳಸುವ ಹಾಗಿಲ್ಲ. ಆ ರಟ್ಟನ್ನು ಅವರು ಎಷ್ಟು ಜೋಪಾನವಾಗಿ ಸರಿ ಮಾಡಿದರು! ಇವರಿಗೆ ರೋಗಿಯ ಮೇಲೆ ಕಾಳಜಿ ಇಲ್ಲ ಅಂತ ಯಾರೂ ಹೇಳಲಾರರು.

ಆ ಸ್ಟಾಕಿಸ್ಟರನ್ನು ಕ್ಷಮಿಸಿಬಿಡಿ ಅಂತ ನಾನು ಹೇಳಲಿಲ್ಲ. ನಂಬಿಕೆ ಬಂದ ಮೇಲೆ ಕೈಜೋಡಿಸೋಣ ಅಂದರೆ ಅದು ಬರುವುದೇ ಇಲ್ಲ. ಇನ್ಸುಲಿನ್ ಒಂದರಿಂದಲೇ ಶುರುಮಾಡಿ, ಮೂರು ತಿಂಗಳು ನೋಡಿ ಅಂದೆ. ಅಂಗಡಿಯ ಹೆಸರು ಹೇಳಬೇಡಿ, ಎಷ್ಟು ಬೇಕು ಅಂತ ಮಾತ್ರ ಕೇಳಿ. ಬಿಲ್ಲಿನಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರಲಿ. ಕೊಡುವಾಗ ಥರ್ಮಾಮೀಟರ್ ನೋಡಿ ಇಬ್ಬರೂ ಸಹಿ ಹಾಕಿ, ಅಲ್ಲಿಂದಾಚೆ ಹೊಣೆ ತೆಗೆದುಕೊಂಡವರದ್ದು. ಇನ್ನೊಂದು ಮಾತನ್ನು ಒತ್ತಿ ಹೇಳಿದೆ: ಅಂಗಡಿಗಳಿಗೆ ಯಾವ ರೇಟು, ಯಾವ ಅಂಗಡಿ ಯಾರಿಗೆ ಎಂಬ ಮಾತು ಬೇಡವೇ ಬೇಡ. ಪೈಪೋಟಿಯಲ್ಲಿರುವವರು ಹಾಗೆ ಒಪ್ಪಂದ ಮಾಡಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಒಮ್ಮೆ ವಕೀಲರಿಗೂ ತೋರಿಸಿ ಅಂದೆ.

ನಿದ್ದೆ ಮಾತ್ರೆ ಅವರ ಕಪಾಟಿನಲ್ಲೇ ಇದೆ. ಡಾಕ್ಟರ ಚೀಟಿ ಇಲ್ಲದೆ ಮುಟ್ಟುವುದಿಲ್ಲ ಅಂತ ಮಾತು ತೆಗೆದುಕೊಂಡೆ.

ಹತ್ತು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಆ ಕಡೆಯವರು "ಎಷ್ಟು ಬೇಕು?" ಅಂತಷ್ಟೇ ಕೇಳಿದರಂತೆ. ಈವರೆಗೆ ಎರಡು ಸಲ ಪೆಟ್ಟಿಗೆ ಕೈಬದಲಾಗಿದೆ. ಸೇಲ್ಸ್ ಹುಡುಗನ ವಿಷಯ ಇಬ್ಬರೂ ಎತ್ತಿಲ್ಲ.