ಮಾರುವಂತಿಲ್ಲದ ನೆಲ

ಮಾನ್ಯರೇ,

ಕಳೆದ ಸಂಚಿಕೆಯ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೇಖನವನ್ನು ಕುರಿತು ತಾವು ಎರಡು ಮಾತು ಬರೆದಿದ್ದೀರಿ. ಅಲ್ಲಿನ ಕೈಗಾರಿಕಾ ಪಾರ್ಕಿಗೆ ಮೊದಲು ಬಂದದ್ದು ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ಎಂದು ನಾವು ಬರೆದದ್ದು ತಪ್ಪು ಎಂಬುದು ಒಂದು. ಆ ವಿಶ್ವವಿದ್ಯಾಲಯದ ದೆಸೆ ತಿರುಗಿದ್ದು 1951ರಲ್ಲಿ, ಆ ಪಾರ್ಕಿನಿಂದಲೇ ಎಂದು ಬರೆದದ್ದು ಸರಿ ಎಂಬುದು ಇನ್ನೊಂದು. ಮೊದಲನೆಯದು ನಮ್ಮ ತಪ್ಪು; ಅಲ್ಲಿ ಮೊದಲು ಗುತ್ತಿಗೆ ಹಿಡಿದದ್ದು ವೇರಿಯನ್ ಅಸೋಸಿಯೇಟ್ಸ್ ಎಂಬ ಎಲೆಕ್ಟ್ರಾನಿಕ್ಸ್ ಕಂಪನಿ. ಎರಡನೆಯದನ್ನು ತಾವು ಮೆಚ್ಚಿದ್ದೀರಾದರೂ, ಬರೆದ ನಮಗೇ ಈಗ ಅದು ಪೂರ್ತಿ ಒಪ್ಪಿಗೆಯಿಲ್ಲ.

ತೀರಿಹೋದ ಒಬ್ಬನೇ ಮಗನ ನೆನಪಿಗೆ ಲೀಲ್ಯಾಂಡ್ ಮತ್ತು ಜೇನ್ ಸ್ಟ್ಯಾನ್‌ಫರ್ಡ್ ದಂಪತಿಗಳು 1885ರಲ್ಲಿ ಬರೆದ ದಾನಪತ್ರದಲ್ಲಿ, ಕೊಟ್ಟ ಜಮೀನನ್ನು ಮಾರಕೂಡದೆಂಬ ಷರತ್ತಿತ್ತು. ಹೀಗಾಗಿ, 1949ರಲ್ಲಿ ವ್ಯಾಲೇಸ್ ಸ್ಟರ್ಲಿಂಗ್ ಅಧ್ಯಕ್ಷರಾಗಿ ಬಂದಾಗ, ಎಂಟು ಸಾವಿರ ಎಕರೆಗೂ ಮಿಕ್ಕಿ ನೆಲವಿದ್ದ ಸಂಸ್ಥೆಯ ಕೈಯಲ್ಲಿ ಕಾಸು ಮಾತ್ರ ಕಡಿಮೆಯಿತ್ತು. ಮಾರುವಂತಿಲ್ಲದ ನೆಲವನ್ನು ದೀರ್ಘ ಗುತ್ತಿಗೆಗೆ ಕೊಡುವ ಯೋಚನೆ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ; ಕೈಗಾರಿಕಾ ಪಾರ್ಕು, ಅದರ ಬೆನ್ನಿಗೇ ಬಂದ ದೊಡ್ಡ ಅಂಗಡಿ ಸಂಕೀರ್ಣ ಎರಡೂ ಅದರ ಫಲ.

ಆದರೆ ಪ್ರಯೋಗಾಲಯಗಳು ಬೆಳೆದದ್ದು ಮುಖ್ಯವಾಗಿ ಬಾಡಿಗೆಯಿಂದಲ್ಲ, ಶೀತಲ ಸಮರದ ಕಾಲದ ಸರ್ಕಾರ ಹಣ ಕೊಟ್ಟು ಮಾಡಿಸಿದ ಸಂಶೋಧನಾ ಕರಾರುಗಳಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡ್‌ನ ರೇಡಿಯೊ ಸಂಶೋಧನಾಲಯವನ್ನು ನಡೆಸಿ ಸ್ಟ್ಯಾನ್‌ಫರ್ಡ್‌ಗೆ ಮರಳಿದ ಪ್ರಾಧ್ಯಾಪಕ ಫ್ರೆಡರಿಕ್ ಟರ್ಮನ್ ಅವರಿಗೆ ವಾಷಿಂಗ್ಟನ್ನಿನ ಹಣ ಯಾವ ದಾರಿಯಲ್ಲಿ ಬರುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಮೊದಲು ಎಂಜಿನಿಯರಿಂಗ್ ವಿಭಾಗದ ಡೀನ್ ಆಗಿ, 1955ರಿಂದ ಪ್ರೊವೊಸ್ಟ್ (ಶೈಕ್ಷಣಿಕ ಆಡಳಿತದ ಮುಖ್ಯಸ್ಥ) ಆಗಿ, ಎಲ್ಲ ವಿಭಾಗಗಳಿಗೂ ಸಮನಾಗಿ ಹಂಚುವ ಬದಲು ಆಯ್ದ ಕೆಲವನ್ನೇ ಶಿಖರಗಳಂತೆ ಎತ್ತಬೇಕೆಂಬುದು ಅವರ ಹಟವಾಗಿತ್ತು; ಉಳಿದ ವಿಭಾಗದವರಿಗೆ ಇದು ರುಚಿಸಿರಲಾರದು.

ವೈದ್ಯಕೀಯ ಕಾಲೇಜು 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಮುಖ್ಯ ಆವರಣಕ್ಕೆ ಬಂತು. ಅದೇ ವರ್ಷ ಸೇಂಟ್ ಲೂಯಿಯಿಂದ ಬಂದ ಜೀವರಸಾಯನ ವಿಜ್ಞಾನಿ ಆರ್ಥರ್ ಕಾರ್ನ್‌ಬರ್ಗ್ ಅವರಿಗೆ ನೊಬೆಲ್ ದೊರೆಯಿತು. ದುಡಿಮೆ ಸೇಂಟ್ ಲೂಯಿಯದು, ಕೀರ್ತಿಯ ಪಾಲು ಹೊಸ ಮನೆಗೂ ಸಂದಿತು! 1961ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟ, ಎರಡು ಮೈಲಿ ಉದ್ದದ ಎಲೆಕ್ಟ್ರಾನ್ ವೇಗೋತ್ಕರ್ಷಕವು (ಎಲೆಕ್ಟ್ರಾನ್ ಕಣಗಳನ್ನು ಅತಿ ವೇಗಕ್ಕೇರಿಸುವ ಯಂತ್ರ) 1966ರಲ್ಲಿ ಕೆಲಸ ಆರಂಭಿಸಿತು: ನೆಲ ವಿಶ್ವವಿದ್ಯಾಲಯದ್ದು, ಹಣ ಸರ್ಕಾರದ್ದು. ಆದುದರಿಂದ ‘ಖಾಸಗಿ ಬಂಡವಾಳದ ಗೆಲುವು’ ಎಂಬ ನಮ್ಮ ಲೇಖನದ ಮಾತನ್ನೂ ಹಿಂದಕ್ಕೆ ಪಡೆಯುತ್ತೇವೆ. ಆ ಹಣದ ಋಣ ಹಗುರವಾಗಿರಲಿಲ್ಲ. ಯುದ್ಧಸಂಬಂಧಿ ಸಂಶೋಧನೆಯ ವಿರುದ್ಧ ವಿದ್ಯಾರ್ಥಿಗಳು 1969ರಲ್ಲಿ ಎದ್ದು ನಿಂತ ಮೇಲೆ, 1946ರಲ್ಲಿ ತಾನೇ ಸ್ಥಾಪಿಸಿದ್ದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟನ್ನು ವಿಶ್ವವಿದ್ಯಾಲಯವು 1970ರಲ್ಲಿ ತನ್ನಿಂದ ಬೇರ್ಪಡಿಸಬೇಕಾಯಿತು.

ವೇರಿಯನ್ ಕುರಿತ ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಪ್ರತ್ಯೇಕವಾಗಿ ಅಚ್ಚುಮಾಡಿದ್ದೇವೆ.

— ಸಂ.